ವಾಡಿಯ ಕಾರಿಗೆ ಯಾವ ಬಣ್ಣ?

ಶಹಾಬಾದಿನಲ್ಲಿ ಹಳೆಯ ಗಾಡಿಗಳಿಗೆ ಬಣ್ಣ ಹೊಡೆಯುವ ಅಂಗಡಿ ನನ್ನದು. ಬಣ್ಣಕ್ಕೆ ಬಾಯಿಲ್ಲ. ಗಿರಾಕಿಗೆ ಇದೆ. ಆದ್ದರಿಂದ ಇಂಥ ಪ್ರಸಂಗಗಳು ಆಗುತ್ತಲೇ ಇರುತ್ತವೆ. ಈಚೆಗೆ ಆದವೆಲ್ಲ ಒಂದೇ ಕಾರಿನಿಂದ ಆದವು.

ಬೂದಿಯೋ, ಹಸಿರೋ

ವಾಡಿಯಿಂದ ಒಬ್ಬ ನಿವೃತ್ತ ರೈಲ್ವೆ ನೌಕರರು ಬಂದರು. ಅವರ ತಂದೆ ಕಲ್ಲಿನ ಗುತ್ತಿಗೆದಾರರಾಗಿದ್ದರಂತೆ. ತಂದೆಯ ಗುಂಡು ಮೂತಿಯ ಕಾರು ಹಿತ್ತಲಲ್ಲಿ ವರ್ಷಗಟ್ಟಲೆ ನಿಂತಿತ್ತು. ಈಗ ಅದನ್ನು ಎಬ್ಬಿಸಬೇಕು. ಮಗಳನ್ನು ಸೇಡಂಗೆ ಕೊಟ್ಟಿದ್ದರು. ಅವಳೀಗ ಬಸುರಿ. ಸೀಮಂತದ ಕುಬಸ ಶಾಸ್ತ್ರ ಮುಗಿಸಿ, ಅದೇ ಕಾರಿನಲ್ಲಿ ತವರಿಗೆ ಕರೆತರಬೇಕು ಎಂಬುದು ಅವರ ವಯಸ್ಸಾದ ತಾಯಿಯ ಹಟ. ಆ ತಾಯಿ ಇವರನ್ನು ಹೆತ್ತು, ಮಡಿಲಲ್ಲಿಟ್ಟುಕೊಂಡು ಮನೆಗೆ ಬಂದದ್ದು ಆ ಕಾರಿನಲ್ಲೇ.

ಒಂದು ಬಾಗಿಲು ಬಿಚ್ಚಿಕೊಂಡು ತಂದಿದ್ದರು. ಬಣ್ಣ ತಪ್ಪಬಾರದೆಂದು ತಾಯಿಯೂ ಜೊತೆಗೆ ಬಂದಿದ್ದರು.

"ಯಾವ ಬಣ್ಣ?" ಎಂದೆ.

"ಬೂದಿ ಬಣ್ಣ ರೀ ಮಿಸ್ತ್ರಿ. ಅಪ್ಪ ಹಳೇ ಕಾರೇ ತಗೊಂಡಿದ್ರು. ಅವಾಗಿಂದ ಅದೇ ಅದ" ಎಂದರು ಮಗ.

ತುಕ್ಕು ಎಷ್ಟಿದೆ ನೋಡೋಣವೆಂದು ಉಜ್ಜಿದೆ. ಬೂದಿ ಬಣ್ಣ ಚಕ್ಕೆಚಕ್ಕೆಯಾಗಿ ಉದುರಿತು. ಅಡಿಯಲ್ಲಿ ಎಲೆ ಹಸಿರು. ಉದುರಿದ್ದನ್ನು ಬೆರಳಲ್ಲಿ ತಿಕ್ಕಿ ನೋಡಿದೆ. ಅದು ಬಣ್ಣವೇ ಅಲ್ಲ. ನಮ್ಮ ಕಡೆಯ ಸಿಮೆಂಟ್ ಕಾರ್ಖಾನೆಗಳ ಧೂಳು, ಅದರ ಮೇಲೆ ಇಬ್ಬನಿ, ಮತ್ತೆ ಧೂಳು.

"ನಿಮ್ಮ ಕಾರು ಹಸಿರು" ಎಂದೆ.

ಮಗ ತಾಯಿಯ ಕಡೆ ತಿರುಗಿದರು. "ಯವ್ವಾ, ಅಪ್ಪ ಇದನ್ನ ಒಮ್ಮೆರ ತೊಳದಿದ್ದಿಲ್ಲೇನು?"

"ಕುಡೀಲಿಕ್ಕೇ ನೀರು ಇದ್ದಿಲ್ಲ. ಕಾರಿಗಿ ಎಲ್ಲಿಂದ ತರ್ಬೇಕು?"

ಮಗನಿಗೆ ಖುಷಿಯಾಯಿತು. ಹಸಿರೇ ಆಗಲಿ ಎಂದರು. ತಾಯಿ ಕುಳಿತಲ್ಲಿಂದ ಎದ್ದರು.

"ಹಸಿರು ಕಾರು ಬಾಗಲಿಗಿ ಬಂದ್ರ ನಾ ಆರತಿ ಬೆಳಗಲ್ಲ. ಅದು ನಮ್ಮ ಕಾರಲ್ಲ. ನನ್ನ ಮೊಮ್ಮಗಳು ಯಾರದೋ ಕಾರಿನ್ಯಾಗ ಯಾಕ ಬರ್ಬೇಕು?"

"ಅದರ ನಿಜವಾದ ಬಣ್ಣ ಹಸಿರೇ, ತಾಯಿ" ಎಂದೆ.

"ನೀ ಇವತ್ತ ನೋಡೀದಿ, ತಮ್ಮಾ. ನಾ ಅದರಾಗ ಸಂಸಾರ ಮಾಡೀನಿ."

ಕಿಟಕಿಯ ಬಣ್ಣ

ಮಗ ತಾಯಿಗೆ ತಿಳಿಯದಂತೆ ಹಸಿರನ್ನೇ ನಿಶ್ಚಯ ಮಾಡಿ, ಕಾರನ್ನು ನನ್ನ ಅಂಗಡಿಗೆ ತರಿಸಿದರು. ಬಣ್ಣ ಬಂದ ಮೇಲೆ ಅವ್ವ ಒಪ್ಪುತ್ತಾಳೆ ಎಂದರು. 

ಕಾರಿನ ಮೈಗೆ ಗಟ್ಟಿಯಾಗಲು ಹಾರ್ಡನರ್ ಬೆರೆಸಿದ ಬಣ್ಣ ಹೊಡೆಯಬೇಕು, ಮೇಲೊಂದು ಕೋಟು ಹೊಳಪಿನ ಲ್ಯಾಕರ್ ಬೇಕು ಎಂದು ಹೇಳಿದೆ. ಬಿಸಿಲು ತಡೆಯುತ್ತದೆ, ಪೆಟ್ರೋಲು ಚೆಲ್ಲಿದರೂ ಏಳುವುದಿಲ್ಲ. ಮಾರನೇ ವಾರ ಅವರ ಹೆಂಡತಿಯ ತಮ್ಮ ಚಿಂಚೋಳಿಯಿಂದ ಅರ್ಧ ಡಬ್ಬಿ ಎಣ್ಣೆ ಬಣ್ಣ ಹಿಡಿದುಕೊಂಡು ಬಂದ. ಮನೆ ಕಟ್ಟಿಸಿದಾಗ ಉಳಿದದ್ದು. ಅದೂ ಹಸಿರು.

"ಇದನ್ನೇ ಹಚ್ರಿ. ಸುಮ್ಮ ಯಾಕ ಹೊಸಾದು? ನಮ್ಮ ಮನಿ ಕಿಟಕಿಗಿ ಹಚ್ಚಿ ಎಷ್ಟೋ ವರ್ಷ ಆಯ್ತು, ಇನ್ನಾ ಹಂಗೇ ಅದ."

"ನಿಮ್ಮ ಕಿಟಕಿ ರಸ್ತೆ ಮೇಲೆ ಓಡುತ್ತದೇನು?" ಎಂದೆ.

ಅವನು ನನ್ನ ಅಂಗಡಿಯಲ್ಲಿ ಇಟ್ಟಿಗೆಗಳ ಮೇಲೆ ನಿಂತಿದ್ದ ಕಾರನ್ನು ನೋಡಿದ. ಗಾಲಿಯಿಲ್ಲ, ಇಂಜಿನ್ನಿಲ್ಲ.

"ಇದಾದ್ರೂ ಎಲ್ಲಿ ಓಡ್ತದ್ರಿ?"

ಆ ದಿನ ಅವನಿಗೆ ಚಹಾ ಕುಡಿಸಿ ಕಳಿಸಿದೆ. ಡಬ್ಬಿಯನ್ನೂ ಅವನ ಕೈಗೇ ಕೊಟ್ಟೆ.

ಸುತ್ತಿಗೆ

ಗಾಲಿಯ ರಿಮ್ಮುಗಳಿಗೆ ಮೊದಲು ಸಾದಾ ಬಣ್ಣ ಹೊಡೆದಿದ್ದೆ. ಕಾರಿನ ಯಜಮಾನರು, ನಮ್ಮ ರೈಲ್ವೆಯವರು, ನೋಡಲು ಬಂದರು. ಅವರ ನೌಕರಿ ಏನಾಗಿತ್ತೆಂದು ಅಂದು ತಿಳಿಯಿತು. ನಿಂತ ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ಬಡಿದು, ಸದ್ದಿನಿಂದ ಗಟ್ಟಿಯೋ ಬಿರುಕೋ ಹೇಳುವ ಕೆಲಸ. ಚೀಲದಿಂದ ಸುತ್ತಿಗೆ ತೆಗೆದು ರಿಮ್ಮಿಗೆ ಒಂದು ಕೊಟ್ಟರು. ಅಂಗೈಯಗಲ ಬಣ್ಣ ಎದ್ದು ಬಂತು.

"ಗಟ್ಟಿ ಇಲ್ಲ ಮಿಸ್ತ್ರಿ."

"ಬಣ್ಣವನ್ನು ಯಾರು ಹೀಗೆ ನೋಡುತ್ತಾರೆ?"

"ಇಷ್ಟು ವರ್ಷ ಹಿಂಗೇ ನೋಡೀನಿ ರೀ. ಕೈ ಕೇಳಲ್ಲ."

ಸರಿ, ಪೌಡರ್ ಕೋಟಿಂಗ್ ಮಾಡೋಣ ಎಂದೆ. ಅದರಲ್ಲಿ ಒಣ ಬಣ್ಣದ ಪುಡಿಯನ್ನು ಕಬ್ಬಿಣಕ್ಕೆ ಹಿಡಿಸಿ ಭಟ್ಟಿಯಲ್ಲಿ ಬೇಯಿಸಬೇಕು. ಪುಡಿ ಕರಗಿ ಚರ್ಮದಂತೆ ಅಂಟಿಕೊಳ್ಳುತ್ತದೆ. ಏಟಿಗೆ ಸುಲಭವಾಗಿ ಜಗ್ಗುವುದಿಲ್ಲ. ಮಾಡಿದೆ. ಅವರು ಬಂದು ಮತ್ತೆ ಬಡಿದರು. ಬಣ್ಣ ಅಲುಗಲಿಲ್ಲ.  ಅವರು ಇನ್ನೊಂದು ಏಟು ಹಾಕಿ, ಕಿವಿ ಹತ್ತಿರ ತಂದರು.

"ಬಣ್ಣ ಭಾಳ ಚಲೋ ಅದ. ಗಾಲಿ ಬಿರುಕು ಬಿಟ್ಟದ."

ಮೊದಲೇ ಬಿಟ್ಟಿತ್ತೋ, ಆಗ ಬಿಟ್ಟಿತೋ, ನಾನು ಕೇಳಲಿಲ್ಲ. ಕಾಳಗಿಯ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು. ಅದನ್ನು ಬಣ್ಣಕ್ಕೆ ಮೊದಲೇ ಅವರ ಸುತ್ತಿಗೆಗೆ ಕೊಟ್ಟೆ.

ಭಟ್ಟಿ

ನಮ್ಮ ಕಡೆ ಹೆಂಗಸರು ಬಿಸ್ಕತ್ತಿನಂಥ ನಾನ್‌ಖಟಾಯಿಗೆ ಮನೆಯಲ್ಲೇ ಹಿಟ್ಟು ಕಲಸಿ, ಬೇಕರಿಯ ಭಟ್ಟಿಗೆ ಒಯ್ದು ಸುಡಿಸಿಕೊಂಡು ಬರುತ್ತಾರೆ. ಒಂದು ಬೆಳಿಗ್ಗೆ ರೈಲ್ವೆಯವರು ಬಂಪರಿನ ಪಟ್ಟಿಗಳನ್ನು ತಂದರು. ಜೊತೆಗೆ ಬಟ್ಟೆ ಮುಚ್ಚಿದ ಒಂದು ತಟ್ಟೆ.

"ಏನಿದು?"

"ಕುಬಸಕ್ಕ ನಾನ್‌ಖಟಾಯಿ ರೀ. ಅವ್ವ ಹಿಟ್ಟು ಕಲಸಿ ಕೊಟ್ಟಾಳ. ಬೇಕರಿಯಾಗ ಭಾಳ ಮಂದಿ ಅದಾರ. ನಿಮ್ಮ ಭಟ್ಟಿ ಹ್ಯಾಂಗೂ ಕಾದಿರ್ತದ. ಕೆಳಗ ಬಂಪರ್, ಮ್ಯಾಗ ಇದು."

"ಅದರಲ್ಲಿ ಬಣ್ಣದ ಹೊಗೆ ಇರುತ್ತದೆ. ತಿಂದರೆ ಆಸ್ಪತ್ರೆ."

ತಟ್ಟೆ ವಾಪಸ್ ಕಳಿಸಿದೆ. ಆದರೆ ಓಣಿಯ ಹೆಂಗಸರು ಅದನ್ನು ನೋಡಿದ್ದರು. ಸಂಜೆಯೊಳಗೆ ಇನ್ನೊಂದಿಷ್ಟು ತಟ್ಟೆಗಳು ಬಂದವು. ಎಲ್ಲರಿಗೂ ಇಲ್ಲ ಎಂದು ಹೇಳಿ ಸಾಕಾಯಿತು. "ಇಲ್ಲಿ ನಾನ್‌ಖಟಾಯಿ ಸುಡುವುದಿಲ್ಲ" ಎಂದು ಒಂದು ಹಲಗೆ ಬರೆದು ಬಾಗಿಲಿಗೆ ತೂಗುಹಾಕಿದೆ. ನನ್ನ ಅಕ್ಷರಗಳು ದೊಡ್ಡವು, ರಸ್ತೆಗೆಲ್ಲ ಕಾಣುತ್ತವೆ.

ಮರುದಿನ ಚಿತ್ತಾಪುರದ ಬಸ್ಸಿಳಿದ ಒಬ್ಬ ಹೆಂಗಸು ಹಲಗೆ ಓದಿ ಒಳಗೆ ಬಂದಳು.

"ಕಾಕಾ, ಇವತ್ತ ಸುಡಲ್ಲಂತ ಬರ್ದೀರಿ. ಮತ್ತ ಯಾವ ದಿನ ಸುಡ್ತೀರಿ?"

ಹಲಗೆ ತೆಗೆದೆ.

ಆರತಿ

ಕಾರು ಮುಗಿಯಿತು. ಅದರ ಬಾಗಿಲಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದಿತ್ತು. ರಿಪೇರಿಗೆ ಹೋಗಿದ್ದ ಇಂಜಿನ್ನೂ ಹೇಗೋ ಓಡುತ್ತಿತ್ತು. ರೈಲ್ವೆಯವರು ಹೆಂಡತಿಯನ್ನು ಕೂರಿಸಿಕೊಂಡು ನನ್ನ ಅಂಗಡಿಯಿಂದಲೇ ಸೇಡಂಗೆ ಹೊರಟರು. ಮನೆಗೆ ಒಯ್ದರೆ ತಾಯಿ ನೋಡುತ್ತಾರೆಂಬ ಭಯ. ಕುಬಸ ಮುಗಿಸಿ ಮರುದಿನ ಬರುವುದು ಎಂದು ನಿಶ್ಚಯವಾಗಿತ್ತು.

"ನೀವು ವಾಡಿಗಿ ಬರ್ರಿ ಮಿಸ್ತ್ರಿ. ಅವ್ವ ಬೈದ್ರ ಪಕ್ಕದಾಗ ಯಾರರ ಬೇಕು" ಎಂದರು.

ಮರುದಿನ ವಾಡಿಗೆ ಹೋದೆ. ತಾಯಿ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಆರತಿ ತಟ್ಟೆ ಪಕ್ಕದ ಕಟ್ಟೆಯ ಮೇಲಿತ್ತು. ಮುಟ್ಟಿರಲಿಲ್ಲ.

"ಹಸಿರು ಹೊಡದೀರಂತ? ನನ್ನ ಸೊಸಿ ತಮ್ಮ ಚಿಂಚೋಳಿಯಿಂದ ಫೋನ್ ಮಾಡಿ ಹೇಳ್ಯಾನ" ಎಂದರು.

ನಾನು ಕಟ್ಟೆಯ ಇನ್ನೊಂದು ತುದಿಗೆ ಕುಳಿತೆ.

"ಮೊಮ್ಮಗಳಿಗಿ ಒಳಗ ಬಾ ಅಂತೀನಿ. ಆರತಿ ಮಾತ್ರ ಇಲ್ಲ. ಹೇಳೀನಿ ಅಂದ್ರ ಹೇಳೀನಿ."

ಹೆರಲು ಬಂದ ತವರಿನಲ್ಲಿ ಮೊಮ್ಮಗಳಿಗೆ ಆರತಿ ಇಲ್ಲದಂತಾಗುತ್ತದಲ್ಲ ಎಂದು ನನಗೂ ಕಸಿವಿಸಿಯಾಯಿತು. ನಾನು ಹೊಡೆದ ಬಣ್ಣ ಅದು.

ಆಗ ಓಣಿಯ ತುದಿಯಲ್ಲಿ ಹಾರ್ನ್ ಕೇಳಿಸಿತು. ಕಾರು ತಿರುಗಿತು.

ರಾತ್ರಿಯೆಲ್ಲ ಸೇಡಂನಲ್ಲಿ ಬಯಲಲ್ಲಿ ನಿಂತು ಇಬ್ಬನಿ ಕುಡಿದಿತ್ತು. ಬೆಳಿಗ್ಗೆ ಹಸಿ ಮೈಯಲ್ಲೇ ಸಿಮೆಂಟ್ ಲಾರಿಗಳ ಹಿಂದೆ ಚಿತ್ತಾಪುರ ದಾಟಿ ಬಂದಿತ್ತು. ಮೂತಿಯಿಂದ ಬಾಲದವರೆಗೆ ಬೂದಿ. ಹಸಿರು ಎಲ್ಲೂ ಇಲ್ಲ. ಇಳಿದ ರೈಲ್ವೆಯವರ ಮೀಸೆಯೂ ಬೂದಿ. ಅವರು ನನ್ನ ಕಡೆ ನೋಡಿದರು, ಅಳುವುದೊಂದು ಬಾಕಿ.

ತಾಯಿ ಕುರ್ಚಿಯಿಂದ ಎದ್ದರು. ಸೆರಗು ಸರಿಮಾಡಿಕೊಂಡರು. ಕಾರಿನ ಸುತ್ತ ಒಮ್ಮೆ ನಡೆದು ಬಂದರು. ಕಣ್ಣಲ್ಲಿ ನೀರಿತ್ತು.

"ಇದೇ ನೋಡು ನಮ್ಮ ಕಾರು. ಚಲೋ ಹೊಡದೀದಿ, ತಮ್ಮಾ" ಎಂದು ನನಗೆ ಹೇಳಿ, ಆರತಿ ತಟ್ಟೆ ಎತ್ತಿಕೊಂಡರು. ಮೊಮ್ಮಗಳಿಗೆ ಬೆಳಗಿದರು. ಆಮೇಲೆ ಕಾರಿಗೂ ಬೆಳಗಿದರು.

ಮಗನಿಗೆ ತಡೆಯಲಾಗಲಿಲ್ಲ. ಅಷ್ಟು ಕಷ್ಟಪಟ್ಟು ಹೊಡೆಸಿದ ಹಸಿರು ಒಮ್ಮೆಯಾದರೂ ಕಾಣಲಿ ಎಂದು ಒದ್ದೆ ಬಟ್ಟೆ ಹಿಡಿದು ಬಾನೆಟ್ಟಿನ ಕಡೆ ಹೋದರು. ತಾಯಿ ಅವರ ಕೈ ಮೇಲೆ ಪಟ್ಟೆಂದು ಹೊಡೆದರು.

"ಮುಟ್ಟಬ್ಯಾಡೋ! ಬಣ್ಣ ಹೋಗ್ತದ."