ತಿಮ್ಮಯ್ಯನವರ ಜೋಡಿ ಗುಂಡು

ಬೆಳಿಗ್ಗೆ ಗುಡ್ಡದ ಕಡೆಯಿಂದ ಒಂದರ ಹಿಂದೊಂದು ಎರಡು ಗುಂಡಿನ ಸದ್ದು ಕೇಳಿಸಿತು. ಜೋಡಿ ಗುಂಡು ಹಾರಿತೆಂದರೆ ಯಾರೋ ತೀರಿಕೊಂಡರು ಅಂತಲೇ ಚೆಟ್ಟಳ್ಳಿ ಕಡೆಯ ಲೆಕ್ಕ. ಜೀಪು ಸ್ಟಾರ್ಟ್ ಮಾಡುತ್ತಿದ್ದ ಸಾಂತಪ್ಪನವರ ಕೈ ಅಲ್ಲೇ ನಿಂತಿತು.

ಪಕ್ಕದ ಸೀಟಿನಲ್ಲಿ ಹೆಂಡತಿ ನೀಲಾವತಿ ಕೂತಿದ್ದರು. ಅಂದು ಮಡಿಕೇರಿಯಲ್ಲಿ ಅವರ ಕಣ್ಣಿನ ಆಪರೇಷನ್. ಹಿಂದೆ ಗೊತ್ತುಮಾಡಿದ್ದ ದಿನವೂ ಗಂಡನ ಸಮಾಜಸೇವೆಗೆ ಬಲಿಯಾಗಿತ್ತು. "ಈ ಸಲ ಆಕಾಶ ಕಳಚಿ ಬಿದ್ರೂ ನಿನ್ನ ಜೊತೆಗೇ ಇರ್ತೀನಿ" ಎಂದು ಸಾಂತಪ್ಪ ದೇವರ ಮುಂದೆ ಮಾತು ಕೊಟ್ಟಿದ್ದರು.

"ಗುಡ್ಡದ ಮನೆ ತಿಮ್ಮಯ್ಯನೋರು ಹೋಗ್ಬಿಟ್ರು!" ಪಕ್ಕದ ಮನೆಯ ವನಜಮ್ಮ ಬೇಲಿ ದಾಟಿಯೇ ಬಂದರು. "ಮೊನ್ನೆಯಿಂದ ಕೆಮ್ತಾ ಇದ್ರು ಪಾಪ. ಸಂಘದ ಅಧ್ಯಕ್ಷರೇ ಹೋಗ್ದಿದ್ರೆ ಜನ ಏನಂತಾರೆ?"

ಜನ ಏನಂತಾರೆ ಎಂಬುದೇ ಸಾಂತಪ್ಪನವರ ದೊಡ್ಡ ಕಾಯಿಲೆ. ಅವರ 'ಆಸರೆ' ಸಂಘ ಸಾವಿನ ಮನೆಗೆ ಶವ ಇಡುವ ಫ್ರೀಜರ್ ಪೆಟ್ಟಿಗೆ ಕೊಡುತ್ತಿತ್ತು, ದಿಕ್ಕಿಲ್ಲದವರನ್ನು ವ್ಯಾನಿನಲ್ಲಿ ಆಸ್ಪತ್ರೆಗೆ ಮುಟ್ಟಿಸುತ್ತಿತ್ತು.

"ನೀಲಾ, ಸ್ವಲ್ಪ ಇಳಿ. ಪೆಟ್ಟಿಗೆ ಕೊಟ್ಟು ಈಗ ಬಂದೆ."

ನೀಲಾವತಿ ಆಸ್ಪತ್ರೆಯ ಚೀಲ ಎತ್ತಿಕೊಂಡು ಇಳಿದರು. ಆ ಸೀಟಿಗೆ ವನಜಮ್ಮ ಹತ್ತಿ ಕೂತು, ದಾರಿಯುದ್ದಕ್ಕೂ ತಿಮ್ಮಯ್ಯನವರ ನೆಂಟರಿಗೆಲ್ಲ ಫೋನ್ ಮಾಡಿದರು.

ಸಾಂತಪ್ಪ ಏದುಸಿರು ಬಿಡುತ್ತ ಅಂಗಳದಲ್ಲಿ ಪೆಟ್ಟಿಗೆ ಎಳೆಯುತ್ತಿದ್ದಾಗ ಬಾಗಿಲು ತೆರೆಯಿತು. ಕೋವಿ ಹಿಡಿದು ಸ್ವತಃ ತಿಮ್ಮಯ್ಯನವರೇ ಹೊರಬಂದರು.

"ಏನೋ ಸಾಂತಪ್ಪ, ನನ್ನ ಅಳತೆಗೇ ತಂದಿದ್ದೀಯಾ?"

"ಅಯ್ಯೋ, ಅಲ್ಲ ಮಾವ... ಜೋಡಿ ಗುಂಡು..."

"ಬಾಳೆಗೊನೆಗೆ ಕೋತಿ ಬಂದಿತ್ತು! ಒಂದಕ್ಕೆ ಜಗ್ಗಲಿಲ್ಲ, ಇನ್ನೊಂದು ಹಾರಿಸ್ದೆ. ಅದಕ್ಕೂ ನಿನ್ನ ಸಂಘದ ಅಪ್ಪಣೆ ಬೇಕಾ?"

ಸಾಂತಪ್ಪ ಜೀಪಿನತ್ತ ಓಡುವಷ್ಟರಲ್ಲಿ ಸಿದ್ದಾಪುರದಿಂದ ತಿಮ್ಮಯ್ಯನವರ ತಂಗಿ ಅಳುತ್ತ ಬಂದಿಳಿದಳು. ನಿಂತಿದ್ದ ಅಣ್ಣನನ್ನು ಕಂಡು ಮೂರ್ಛೆ ಹೋದಳು. ಅವಳ ಮುಖಕ್ಕೆ ನೀರು ಚಿಮುಕಿಸುವಾಗ ಮತ್ತೆರಡು ಜೀಪು ಬಂದವು.

"ಊರೆಲ್ಲ ಕರೆಸಿದ್ದೀರಲ್ಲ, ಗೇಟಲ್ಲಿ ನಿಂತು ನೀನೇ ಹೇಳು, ನಾನು ಸತ್ತಿಲ್ಲ ಅಂತ" ಎಂದರು ತಿಮ್ಮಯ್ಯ. ಕೋವಿ ಇನ್ನೂ ಕೈಯಲ್ಲೇ ಇತ್ತು. ವನಜಮ್ಮ ಅಡುಗೆಮನೆಗೆ ಜಾರಿದರು. ಸಾಂತಪ್ಪ ಬಂದವರಿಗೆಲ್ಲ ಕೈಮುಗಿದು ಬೈಸಿಕೊಂಡರು. ನಡುವೆ ಹೆಂಡತಿಗೆ ಫೋನ್ ಮಾಡಿದರು, ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಸಂಘದ ವ್ಯಾನಿಗೆ ಹೊಸದಾಗಿ ಸೇರಿದ್ದ ಡ್ರೈವರ್ ತೀರ್ಥಪ್ರಸಾದ ಫೋನ್ ಮಾಡಿದ. "ಸರ್, ಒಬ್ರು ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡ್ ಬಂದಿದ್ದೀನಿ. ಮನೆಯೋರು ಯಾರೂ ಇಲ್ದೆ ಆಪರೇಷನ್ ಮಾಡಲ್ವಂತೆ."

"ಗಂಡ ಇಲ್ವಾ?"

"ಇದ್ದಾರೆ ಸರ್. ಬೆಳಿಗ್ಗೆ ಬಿಟ್ಟು ಹೋದ್ರಂತೆ."

ಬೆಳಗಿನಿಂದ ತಿಂದ ಬೈಗುಳವನ್ನೆಲ್ಲ ಕಕ್ಕಲು ಸಾಂತಪ್ಪನವರಿಗೆ ಕೊನೆಗೂ ಒಬ್ಬ ಸಿಕ್ಕಿದ. "ಥೂ! ಅವನೂ ಒಬ್ಬ ಗಂಡಸಾ? ಕಟ್ಕೊಂಡ ಹೆಂಡ್ತೀನ ನೋಡ್ಕೊಳ್ದೋನು ಭೂಮಿಗೆ ಭಾರ! ಅವನಿಗೆ ನಾಚಿಕೆ ಮಾನ ಮರ್ಯಾದೆ ಏನಾದ್ರೂ ಇದ್ಯಾ ಕೇಳು!"

"ಸರ್... ಸ್ಪೀಕರ್ ಆನ್ ಇದೆ. ಅಮ್ಮ ಕೇಳ್ತಾ ಇದ್ದಾರೆ."

"ಕೇಳ್ಲಿ ಬಿಡು!"

"ಕೇಳ್ದೆ" ಎಂದರು ನೀಲಾವತಿ. "ಸರಿಯಾಗೇ ಹೇಳಿದ್ರಿ. ಡಾಕ್ಟ್ರು ಮುಂದಿನ ತಿಂಗಳು ಬನ್ನಿ ಅಂದ್ರು. ನೀವು ನಿಧಾನಕ್ಕೆ ಬನ್ನಿ, ನಂಗೆ ದಿಕ್ಕಿಲ್ಲದೋರ ವ್ಯಾನ್ ಇದೆ."

ಫೋನ್ ಕಟ್ಟಾಯಿತು. ಸಾಂತಪ್ಪನವರ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ಇನ್ನೊಂದು ಜೀಪಿನಿಂದ ಇಳಿದ ನೆಂಟರೊಬ್ಬರು ಅವರ ಕಣ್ಣೀರು ಕಂಡು, ಓಡಿ ಬಂದು ತಬ್ಬಿಕೊಂಡರು.

"ಸಮಾಧಾನ ಮಾಡ್ಕೊಳ್ಳಿ ಸಾಂತಪ್ಪನೋರೇ. ವಯಸ್ಸಾಗಿತ್ತು ಪಾಪ."

"ಏ ಸಾಂತಪ್ಪ! ಹೇಳೋ, ನಾನಿನ್ನೂ ಬದುಕಿದ್ದೀನಿ ಅಂತ!" ತಿಮ್ಮಯ್ಯ ಜಗಲಿಯಿಂದ ಕೂಗುತ್ತಲೇ ಇದ್ದರು. ಸಾಂತಪ್ಪ ನೆಂಟರ ಹೆಗಲಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು.