ಬಾಲಚಂದ್ರನ ಶ್ರುತಿಪೆಟ್ಟಿಗೆ

ಪಂಕಜಾಕ್ಷಿಯಮ್ಮ ಮರುದಿನದ ದೋಸೆಗೆ ಅಕ್ಕಿ ಕಡೆಯಲು ಗ್ರೈಂಡರ್ ಹಾಕಿದ್ದೇ ತಡ, ಪಕ್ಕದ ಭಜನಾ ಮಂದಿರದಲ್ಲಿ ಶ್ರುತಿ ಇಳಿಯಿತು. ಅದರ ಹಿಂದೆಯೇ ಭಜಕರ ದನಿಯೂ, ನೀರು ಕುಡಿಯಲು ಕೆರೆಗಿಳಿಯುವ ದನಗಳಂತೆ ತಲೆ ತಗ್ಗಿಸಿಕೊಂಡು ಇಳಿಯಿತು.

ಮಂದಿರದಲ್ಲಿ ಕೂತಿದ್ದ ಬಾಲಚಂದ್ರ ಲ್ಯಾಪ್‌ಟಾಪಿಗೆ ಬಗ್ಗಿದ. ಆ ಶ್ರುತಿಪೆಟ್ಟಿಗೆ ಅವನೇ ಕಟ್ಟಿದ್ದು. ಒಳಗಿನ ಸರ್ಕ್ಯೂಟಿನ ವೋಲ್ಟೇಜ್ ಏರಿದರೆ ಸ್ವರ ಏರಬೇಕು, ಇಳಿದರೆ ಇಳಿಯಬೇಕು. ಎಷ್ಟಕ್ಕೆ ಎಷ್ಟು ಎಂದು ಮೊದಲೇ ಹೇಳುವ ಸಮೀಕರಣವೇ ಅವನ ಪಿಎಚ್‌ಡಿ. "ಲ್ಯಾಬಿನಲ್ಲಿ ಎಲ್ಲರದ್ದೂ ಸರಿ ಬರ್ತದೆ. ಹೊರಗೆ ಜನರ ನಡುವೆ ಸರಿ ಬರಲಿ, ಸಹಿ ಹಾಕ್ತೇನೆ" ಎಂದಿದ್ದ ಗೈಡ್ ಲೂರ್ಡ್ಸ್ ಮೇಡಂ ಈ ಸಂಜೆ ಜೆಪ್ಪುವಿನ ಮಂದಿರಕ್ಕೇ ಬಂದು ಚಾಪೆಯ ಮೇಲೆ ಕೂತಿದ್ದರು. ಹಿರಿಯ ಭಜಕ ಚೆನ್ನಪ್ಪಜ್ಜನ ಕಂಠಕ್ಕೆ ಹೊಂದಿಸಿದ ಪೆಟ್ಟಿಗೆ, ಅಜ್ಜ ಒರಗಿದ್ದ ಕಂಬದ ಬುಡದಲ್ಲೇ ಇತ್ತು. ಲ್ಯಾಪ್‌ಟಾಪಿನಲ್ಲಿ ಎರಡು ಗೆರೆ: ಲೆಕ್ಕ ಹೇಳಿದ ಸ್ವರ ನೀಲಿ, ಮೈಕಿಗೆ ಕೇಳಿಸಿದ ಸ್ವರ ಕೆಂಪು. ಕೆಂಪು ಗೆರೆ ಜಾರುಬಂಡಿಯಾಗಿತ್ತು.

ಅವನು ಪಕ್ಕದ ಮನೆಗೆ ಓಡಿದ. "ಅಮ್ಮ, ಗ್ರೈಂಡರ್ ಒಮ್ಮೆ ನಿಲ್ಲಿಸಿ. ಕರೆಂಟು ಡಿಮ್ ಆಗಿ ನನ್ನ ಸ್ವರ ಬೀಳ್ತದೆ."

"ನಿನ್ನ ಸ್ವರ ಬಿದ್ರೆ ನನ್ನ ಗ್ರೈಂಡರ್ ಎಂತ ಮಾಡ್ತದೆ ಮಾರಾಯ? ಬಿಸಿನೀರು ಕುಡಿ!"

ಆದರೂ ನಿಲ್ಲಿಸಿದರು. ಶ್ರುತಿ ಏರಿತು. ಅಷ್ಟರಲ್ಲಿ ಎದುರುಮನೆಯ ಮುಖೇಶ ಬಾವಿಯ ಪಂಪು ಹಾಕಿದ, ಮತ್ತೆ ಇಳಿಯಿತು. "ಬಾಲಣ್ಣ, ಸ್ಟೆಬಿಲೈಸರ್ ಇಡ್ಬೇಕಿತ್ತು. ನಮ್ಮ ಫ್ರಿಜ್ಜಿಗೂ ಉಂಟು!" ಎಂದು ಪಂಪಿನ ಪಕ್ಕದಿಂದಲೇ ಉಪದೇಶಿಸಿದ.

"ದಮ್ಮಯ್ಯ, ಎಲ್ಲ ಆಫ್ ಮಾಡಿ!" ಬಾಲಚಂದ್ರ ಬೀದಿಯಲ್ಲಿ ನಿಂತು ಕೂಗಿದ.

ಪಂಕಜಾಕ್ಷಿಯಮ್ಮ ಅದನ್ನು ಹರಕೆಯಂತೆ ಹೊತ್ತರು. ಮನೆಮನೆಗೂ ಹೋದರು. ಫ್ಯಾನು ನಿಂತಿತು, ಟಿವಿ ಬಾಯಿ ಮುಚ್ಚಿತು, ಓಣಿಯ ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಅವನು ಮಂದಿರಕ್ಕೆ ಮರಳಿದಾಗ ನಂದಾದೀಪವೊಂದೇ ಉಳಿದಿತ್ತು. ಭಜಕರು ಹಾಡು ನಿಲ್ಲಿಸಿ ಕೈಮುಗಿದು ಕೂತಿದ್ದರು. ನದಿಯ ಕಡೆಯಿಂದ ತಣ್ಣನೆ ಗಾಳಿ. ಆ ಮಬ್ಬಿನಲ್ಲಿ ಒಂದೇ ಒಂದು ಸ್ವರ, ಗರ್ಭಗುಡಿಯ ಎಣ್ಣೆಯಂತೆ ಅಲುಗದೆ ತುಂಬಿ ನಿಂತಿತ್ತು. ಕೆಂಪು ಗೆರೆ ನೀಲಿಯ ಮೇಲೆ ಮಲಗಿತು. ಸೃಷ್ಟಿಯೇ ತನ್ನ ಸಮೀಕರಣವನ್ನು ಜಪಿಸುತ್ತಿದೆ ಅನ್ನಿಸಿ ಬಾಲಚಂದ್ರನ ಕಣ್ಣು ತೇವವಾಯಿತು.

ಮೇಡಂ ಪೆನ್ನು ತೆಗೆದರು. ಕಾಗದವನ್ನು ಪೆಟ್ಟಿಗೆಯ ಮೇಲಿಟ್ಟವರು ಅದರ ಮುಂಭಾಗಕ್ಕೆ ಬಗ್ಗಿ ನೋಡಿದರು.

"ಬಾಲಚಂದ್ರ, ಇದರ ಲೈಟು ಯಾಕೆ ಉರಿಯುದಿಲ್ಲ?"

"ಮಂದಿರದ ಮೈನ್ ಸ್ವಿಚ್ಚೂ ನಾನೇ ತೆಗೆದೆ," ಬಾಗಿಲಲ್ಲಿ ಪಂಕಜಾಕ್ಷಿಯಮ್ಮನ ದನಿ. "ಎಲ್ಲ ಅಂದ್ರೆ ಎಲ್ಲ ಅಲ್ವಾ?"

ಸ್ವರ ಮಾತ್ರ ನಿಂತಿರಲಿಲ್ಲ. ಎಲ್ಲರ ಕಣ್ಣೂ ಕಂಬದ ಕಡೆ ತಿರುಗಿತು. ಚೆನ್ನಪ್ಪಜ್ಜ ಬಾಯಿ ಅರೆ ತೆರೆದು, ಜೀವಮಾನವಿಡೀ ಹಿಡಿದ ಶ್ರುತಿಯನ್ನು ನಿದ್ದೆಯಲ್ಲೂ ಬಿಡದೆ ಗೊರಕೆ ಹೊಡೆಯುತ್ತಿದ್ದರು.

ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು. "ಸಮೀಕರಣ ಸರಿಯೇ ಉಂಟು. ಸರ್ಕ್ಯೂಟ್ ಬೇರೆ."

ಯಾರೋ ಅಜ್ಜನ ಭುಜ ಅಲುಗಿಸಿದರು. ಶ್ರುತಿ ನಿಂತಿತು, ಕೆಂಪು ಗೆರೆ ದೊಪ್ಪನೆ ತಳ ಸೇರಿತು. ಅಜ್ಜ ಕಣ್ಣುಜ್ಜಿ, ಪೆಟ್ಟಿಗೆಯ ಬೆನ್ನು ಸವರಿದರು.

"ಭಾರೀ ಲಾಯ್ಕುಂಟು ಬಾಲ ನಿನ್ನ ಮಿಷನ್ನು. ಒಳ್ಳೆ ನಿದ್ರೆ ಬಂತು."