ಅತ್ತೆಯವರ ಹಂಚು ಮತ್ತು ನನ್ನ ಪದ್ಮಾಸನ

‘ಸಂಸಾರ ಗುಟ್ಟು, ವ್ಯಾಧಿ ರಟ್ಟು’ ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಮನೆಯೊಳಗಿನ ಮಾತು ಹೊಸಿಲು ದಾಟಬಾರದು, ಮೈಯೊಳಗಿನ ಬೇನೆ ಮಾತ್ರ ನಾಲ್ಕು ಜನಕ್ಕೆ ತಿಳಿಯಬೇಕು, ಯಾರಾದರೂ ಮದ್ದು ಹೇಳಿಯಾರು ಎಂದು ಅದರ ಅರ್ಥ. ನಮ್ಮ ಅತ್ತೆಯವರು ಈ ಗಾದೆಯ ಎರಡನೆಯ ಅರ್ಧವನ್ನು ಬಹಳ ನಿಷ್ಠೆಯಿಂದ ಪಾಲಿಸುತ್ತಾರೆ. ಮೊದಲನೆಯ ಅರ್ಧ ಅವರ ಕಿವಿಗೇ ಬಿದ್ದಿಲ್ಲವೆಂದು ನಾನು ಅನೇಕ ವರ್ಷ ನಂಬಿದ್ದೆ. ಬಾಗಲಕೋಟೆಯಿಂದ ವರ್ಷಕ್ಕೊಮ್ಮೆ ಅವರು ಪುಣೆ ಹತ್ತಿರದ ಆಕುರ್ಡಿಯ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಬಂದ ದಿನ ಲಿಫ್ಟಿನಲ್ಲಿ ಯಾರಾದರೂ ಅಪರಿಚಿತರು ಜೊತೆಯಾದರೆ ಸಾಕು, ನಮ್ಮ ಮಹಡಿ ಬರುವುದರೊಳಗೆ ಅವರಿಗೆ ಅತ್ತೆಯವರ ಮೊಣಕಾಲು, ಸಕ್ಕರೆ ಕಾಯಿಲೆ ಮತ್ತು ಎಡಗಣ್ಣಿನ ಪೊರೆ ಪರಿಚಯವಾಗಿರುತ್ತವೆ. ಇಳಿಯುವಾಗ, “ಇವ್ರು ನಮ್ಮ ಅಳಿಯಂದ್ರು. ಕಾರ್ಖಾನಿಯೊಳಗ ದೊಡ್ಡ ಆಫೀಸರ್ ಇದ್ದಾರ. ಹಲ್ಲಿ ಕಂಡ್ರ ಮಾತ್ರ ಮಂಚಾ ಏರ್ತಾರ” ಎಂದು ನನ್ನ ಪರಿಚಯವನ್ನೂ ಮುಗಿಸುತ್ತಾರೆ. ಅವರ ಮರಾಠಿ ಅರ್ಧ ಕನ್ನಡವೇ ಆದರೂ ಹಲ್ಲಿಯ ವಿಷಯ ಮಾತ್ರ ಎಲ್ಲರಿಗೂ ಹೇಗೋ ಸ್ಪಷ್ಟವಾಗಿ ಅರ್ಥವಾಗುತ್ತದೆ.

ನಾನು ಚಿಂಚವಾಡದ ಒಂದು ಕಾರ್ಖಾನೆಯ ಖರೀದಿ ವಿಭಾಗದಲ್ಲಿದ್ದೇನೆ. ಬೇರೆಯವರೊಡನೆ ಚೌಕಾಸಿ ಮಾಡುವುದೇ ನನ್ನ ಉದ್ಯೋಗ. ಮನಸ್ಸಿನಲ್ಲಿರುವುದನ್ನು ಮುಖದಲ್ಲಿ ತೋರಿಸದಿರುವುದು ಅದರ ಮೊದಲ ಪಾಠ. ಇಡೀ ದಿನ ಕಲ್ಲುಮುಖ ಹೊತ್ತು ದುಡಿದು ಸಂಜೆ ಸೊಸೈಟಿಯ ಗೇಟಿನೊಳಗೆ ಬಂದರೆ, ಬೆಂಚಿನ ಮೇಲೆ ಕೂತ ಹಿರಿಯರು, “ಏನ್ರೀ, ಇವತ್ತು ಹಲ್ಲಿ ಬಂದಿತ್ತೇನು?” ಎಂದು ವಿಚಾರಿಸುತ್ತಿದ್ದರು. ಹೆಂಡತಿ ಸುಧಾಳಿಗೆ ದೂರು ಕೊಟ್ಟೆ. “ಅವ್ವನ ಬಾಯಿ ಮುಚ್ಚಿಸಲಿಕ್ಕೆ ನಮ್ಮಪ್ಪನ ಕೈಲೇ ಆಗಲಿಲ್ಲ, ನೀವೇನು ಮಾಡ್ತೀರಿ?” ಎಂದಳು. ಹೆಂಡತಿಯ ಕಡೆಯಿಂದ ಇಷ್ಟು ಸಾಂತ್ವನ ಸಿಗುವುದೇ ದೊಡ್ಡದು.

ಆ ವರ್ಷ ಅತ್ತೆಯವರು ಬಂದಾಗ ನಮ್ಮ ಅಡುಗೆಮನೆಯ ತವೆಯನ್ನು ನೋಡಿ ಮೂಗು ಮುರಿದರು. ಏನೂ ಅಂಟದಂತೆ ಕಪ್ಪು ಲೇಪ ಬಳಿದ, ಹಗುರಾದ ತವೆ ಅದು. “ಇದರ ಮ್ಯಾಲೆ ಜ್ವಾಳದ ರೊಟ್ಟಿ ಹಾಕೋದಂದ್ರ ರೊಟ್ಟಿಗೆ ಅವಮಾನ” ಎಂದು ತೀರ್ಪು ಕೊಟ್ಟು, ಒಂದು ಬೆಳಿಗ್ಗೆ ಒಬ್ಬರೇ ಪಿಂಪ್ರಿ ಮಾರ್ಕೆಟ್ಟಿಗೆ ಹೋಗಿ ದಪ್ಪ ಕಬ್ಬಿಣದ ಹಂಚೊಂದನ್ನು ಕೊಂಡರು. ಅದನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ಸಿಟಿ ಬಸ್ಸು ಹತ್ತಿದರು. ಬಸ್ಸು ತುಂಬಿತ್ತು. ಮುಂದೆ ನಿಂತಿದ್ದ ಒಬ್ಬ ಕಾಲೇಜು ಹುಡುಗಿ ಪದೇ ಪದೇ ಜರುಗುತ್ತಿದ್ದಳು. ಅವಳು ಜರುಗಿದಷ್ಟೂ ಅವಳ ಹಿಂದಿದ್ದ ಗಂಡಸೂ ಜರುಗುತ್ತಿದ್ದ. ಬಸ್ಸಿನಲ್ಲಿ ಜಾಗವಿಲ್ಲದೆ ಹೀಗಾಗುತ್ತಿದೆಯೇ ಎಂದು ಅತ್ತೆಯವರು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಹುಡುಗಿಯ ಮುಖ ನೋಡಿದರಂತೆ. ಅವನಿಗೆ ಕನ್ನಡದಲ್ಲಿ, “ಏ, ಕೈ ತಗಿ” ಎಂದರು. ಅವನು ಕೈ ತೆಗೆದ, ಆದರೆ ಆ ಕೈಯಿಂದಲೇ ಅತ್ತೆಯವರನ್ನು ಬಲವಾಗಿ ನೂಕಿದ. ಮೊಣಕಾಲು ಮೊದಲೇ ಸರಿಯಿಲ್ಲದ ಅತ್ತೆಯವರು ಸೀಟಿನ ಕಂಬಿಗೆ ಮೊಣಕೈ ಬಡಿದು ನಿಂತರು. ನಿಂತವರು ಚೀಲವನ್ನು ಎರಡೂ ಕೈಯಲ್ಲಿ ಎತ್ತಿ ಅವನ ಬೆನ್ನಿಗೆ ಇಳಿಸಿದರು. ‘ಠಣ್’ ಎಂಬ ಸದ್ದಿಗೆ, ಏನೋ ಮುರಿದುಬಿತ್ತೆಂದು ಡ್ರೈವರು ಬಸ್ಸನ್ನೇ ನಿಲ್ಲಿಸಿಬಿಟ್ಟ.

ಮುಂದಿನದನ್ನು ಇಡೀ ಪಿಂಪ್ರಿ-ಚಿಂಚವಾಡ ಮೊಬೈಲಿನಲ್ಲಿ ನೋಡಿತು. ಯಾರೋ ತೆಗೆದ ವಿಡಿಯೋದಲ್ಲಿ ಇಳಕಲ್ ಸೀರೆಯ ಒಂದು ಬೆನ್ನು, ಎರಡನೆಯ ಸಲ ಮೇಲೇಳುವ ಚೀಲ, ಮೂಲೆಯಲ್ಲಿ ಆ ಹುಡುಗಿಯ ದುಪಟ್ಟಾದ ಅಂಚು, ಇಷ್ಟೇ ಇತ್ತು. ಜನರೆಲ್ಲ ಸೇರಿ ಅವನನ್ನು ಹಿಡಿದು ಪೊಲೀಸ್ ಚೌಕಿಗೆ ಒಪ್ಪಿಸಿದರು. ಆ ಗದ್ದಲದಲ್ಲಿ ಹುಡುಗಿ ಎಲ್ಲಿಗೆ ಹೋದಳೋ ಯಾರೂ ಗಮನಿಸಲಿಲ್ಲ. ತಮ್ಮನ್ನು ನೂಕಿದ್ದಕ್ಕೆ ಅತ್ತೆಯವರು ತಮ್ಮ ಹೆಸರಿನಲ್ಲೇ ದೂರು ಕೊಟ್ಟು, ಮೊಣಕೈಗೆ ಆದ ಗಾಯ ತೋರಿಸಿ, ಚಹಾ ಕುಡಿದು, ಹಂಚನ್ನು ವಾಪಸು ಪಡೆದು ಮನೆಗೆ ಬಂದರು. ನಾನು ಆಫೀಸಿನಿಂದ ಓಡಿಬಂದಾಗ ಅವರು ಹೊಸ ಹಂಚಿಗೆ ಎಣ್ಣೆ ಸವರುತ್ತ ಕೂತಿದ್ದರು. “ನೋಡ್ರಿ, ಒಂಚೂರೂ ಡೊಂಕಾಗಿಲ್ಲ. ಛಲೋ ಮಾಲು” ಎಂದರು. ಖರೀದಿ ವಿಭಾಗದ ನನಗೆ ಮಾಲನ್ನು ಹೀಗೂ ಪರೀಕ್ಷಿಸಬಹುದೆಂದು ಅಂದೇ ತಿಳಿದದ್ದು.

ಸೊಸೈಟಿಯ ಮಕ್ಕಳು ಅವರಿಗೆ ‘ಸೂಪರ್ ಆಜಿ’ ಎಂದು ಹೆಸರಿಟ್ಟರು. ಆದರೆ ಆರನೆಯ ತರಗತಿಯ ನನ್ನ ಮಗಳು ಅನ್ವಿಗೆ ಇದು ಒಪ್ಪಿಗೆಯಾಗಲಿಲ್ಲ. ಸೂಪರ್‌ಹೀರೋಗಳ ವಿಷಯದಲ್ಲಿ ಅವಳದು ಕಟ್ಟುನಿಟ್ಟಿನ ಶಾಸ್ತ್ರ. “ಸೂಪರ್‌ಹೀರೋ ಅಂದ್ರ ಮುಖವಾಡ ಇರಬೇಕು ಪಪ್ಪಾ. ನಿಜವಾದ ಹೆಸರು, ಮನಿ, ಮನಿಯವರು, ಇದನ್ನ ಯಾರಿಗೂ ಹೇಳಬಾರದು. ತನಗ ಏನೇನು ಶಕ್ತಿ ಅದ ಅಂತ ಮಾತ್ರ ತೋರಿಸಬೇಕು. ಅಜ್ಜಿ ಉಲ್ಟಾ. ಹೆಸರು, ಮನಿ ನಂಬರು, ಮೊಣಕಾಲು, ನಿಮ್ಮ ಹಲ್ಲಿ, ಎಲ್ಲಾ ಹೇಳಿಬಿಟ್ಟಾಳ. ಅಜ್ಜಿ ಹತ್ರ ಒಂದರ ಗುಟ್ಟು ಬೇಕಲ್ಲ?” ಎಂದು ಬೇಸರ ಪಟ್ಟಳು. ಅವಳ ಮಾತು ನನಗೆ ನೂರಕ್ಕೆ ನೂರು ಸರಿ ಎನ್ನಿಸಿತು. ಮಾತಾಡಿಸಲು ಬಂದವರಿಗೆಲ್ಲ ಅತ್ತೆಯವರು ಬಸ್ಸಿನ ಕತೆಯನ್ನು ಎರಡು ಮಾತಿನಲ್ಲಿ ಮುಗಿಸಿ ನಮ್ಮ ಮನೆಯ ಕತೆಯನ್ನು ವಿಸ್ತಾರವಾಗಿ ಹೇಳುತ್ತಿದ್ದರು. ನಾನು ನಿದ್ದೆಯಲ್ಲಿ ರಿಕ್ಷಾದವರ ಜೊತೆ ಮರಾಠಿಯಲ್ಲಿ ಜಗಳಾಡುವುದು, ಎಚ್ಚರವಿದ್ದಾಗ ಅವರು ಕೇಳಿದಷ್ಟನ್ನು ಮಾತಿಲ್ಲದೆ ಕೊಡುವುದು, ಇವೆಲ್ಲ ಹೀಗೆ ಊರಿಗೆ ಗೊತ್ತಾದವು.

ಸೊಸೈಟಿಯವರು ಒಂದು ಭಾನುವಾರ ಸಂಜೆ ಗಣಪತಿ ಕೂಡಿಸುವ ಹಾಲಿನಲ್ಲಿ ಅತ್ತೆಯವರಿಗೆ ಸತ್ಕಾರ ಇಟ್ಟುಕೊಂಡರು. ಶಾಲು, ತೆಂಗಿನಕಾಯಿ, ಸೆಕ್ರೆಟರಿ ಜೋಶಿಯವರ ಭಾಷಣ ಎಲ್ಲ ಆಯಿತು. ಚಪ್ಪಾಳೆ ನಿಂತ ಮೇಲೆ ಮುಂದಿನ ಸಾಲಿನ ಗೃಹಸ್ಥರೊಬ್ಬರು ಎದ್ದರು. ಒಳ್ಳೆಯ ಮನುಷ್ಯ, ಆದರೆ ಸಿಟ್ಟು ಮೂಗಿನ ತುದಿಯಲ್ಲೇ. “ಆಜಿ, ಕೋಣ ಹೋತೀ ತೀ ಮುಲಗೀ?” ಎಂದು ಕೇಳಿದರು, ಯಾರು ಆ ಹುಡುಗಿ ಎಂದು. ನಮ್ಮ ಸೊಸೈಟಿಯವಳೇ ಅಂತೆ ಎಂಬ ಮಾತು ಕಿವಿಗೆ ಬಿದ್ದಿದೆ, ಹಾಗಿದ್ದರೆ ತಂದೆತಾಯಿಗೆ ಗೊತ್ತಾಗಬೇಡವೇ, ನನ್ನ ಮಗಳಾಗಿದ್ದರೆ ಮರುದಿನವೇ ಕಾಲೇಜು ಬಿಡಿಸಿ ಮನೆಯಲ್ಲಿ ಕೂಡಿಸುತ್ತಿದ್ದೆ ಎಂದು ಏರಿದ ದನಿಯಲ್ಲಿ ಹೇಳಿದರು. ಹಿಂದಿನಿಂದ ಮತ್ತೆ ಮೂರು ನಾಲ್ಕು ಮಂದಿ, ಹೌದು, ಯಾರು, ಹೇಳಿ ಎಂದರು. ಹಾಲಿನಲ್ಲಿ ಗುಜುಗುಜು ಎದ್ದಿತು. ವಿಡಿಯೋದ ದುಪಟ್ಟಾವನ್ನು ದೊಡ್ಡದು ಮಾಡಿ ನೋಡಲು ಒಬ್ಬರು ಮೊಬೈಲನ್ನೂ ತೆಗೆದರು.

ಅತ್ತೆಯವರು ಮೈಕನ್ನು ಬಾಯಿಗೆ ಹತ್ತಿರ ತಂದುಕೊಂಡರು. “ಅದನ್ನ ಆಮ್ಯಾಲೆ ಹೇಳ್ತೀನಿ” ಎಂದು ಶುರುಮಾಡಿ, “ಮಾಝಾ ಜಾವಯಿ” ಎಂದು ನನ್ನ ಕಡೆ ಕೈ ಮಾಡಿದರು. ‘ನನ್ನ ಅಳಿಯ’ ಎಂದರ್ಥ. ನಾನು ಕೂತಲ್ಲಿಂದಲೇ ಬೇಡವೆಂದು ಕೈಯಾಡಿಸಿದೆ. ಹೊಟ್ಟೆ ಕರಗಿಸಲು ಯೋಗ ಮಾಡುತ್ತೇನೆಂದು ಅತ್ತೆಯವರು ಬಂದ ಹೊಸತರಲ್ಲಿ ನಾನು ಪದ್ಮಾಸನ ಹಾಕಿ ಕೂತಿದ್ದೆ. ಹಾಕುವುದು ಹೇಗೋ ಆಯಿತು, ಬಿಚ್ಚುವುದು ಆಗಲಿಲ್ಲ. ಸುಧಾ ಎಳೆದಳು, ಅತ್ತೆಯವರು ಕೊಬ್ಬರಿ ಎಣ್ಣೆ ಹಚ್ಚಿದರು, ಕೊನೆಗೆ ವಾಚ್‌ಮನ್ ಬಂದು ಜಾಮಾದ ನಟ್ಟು ಬಿಚ್ಚುವವನ ಹಾಗೆ ನನ್ನ ಕಾಲುಗಳನ್ನು ಒಂದೊಂದಾಗಿ ಬಿಡಿಸಿದ್ದ. ಇದು ನಮ್ಮ ನಾಲ್ವರ ನಡುವಿನ ಪರಮ ಗುಟ್ಟು. ಅತ್ತೆಯವರು ಅದನ್ನು ಕನ್ನಡ, ಮರಾಠಿ ಮತ್ತು ಅಭಿನಯ ಮೂರನ್ನೂ ಬೆರೆಸಿ ಸಭೆಗೆ ಒಪ್ಪಿಸಿದರು. ನಾನು, “ಅಯ್ಯೋ, ಆ್ಯಂಬುಲೆನ್ಸ್ ಕರೀರಿ” ಎಂದು ಕೂಗಿದ್ದನ್ನು ನನ್ನದೇ ದನಿಯಲ್ಲಿ ಕೂಗಿ ತೋರಿಸಿದರು. ಹಾಲಿಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಮೊಬೈಲ್ ತೆಗೆದವರು ಅದನ್ನು ನನ್ನ ಕಡೆ ತಿರುಗಿಸಿದರು. ಅತ್ತೆಯವರು ಬಾಗಿಲ ಬಳಿ ನಿಂತಿದ್ದ ವಾಚ್‌ಮನ್‌ನನ್ನು ಕರೆದು ಅವನಿಂದಲೂ ಎರಡು ಮಾತು ಹೇಳಿಸಿದರು. ಪ್ರಶ್ನೆ ಕೇಳಿದ ಗೃಹಸ್ಥರೂ ಕಣ್ಣೊರೆಸಿಕೊಳ್ಳುತ್ತ ಕೂತರು. ಅಷ್ಟರಲ್ಲಿ ಬಟಾಟೆವಡೆ ಬಂತು. ಹುಡುಗಿ ಯಾರೆಂದು ಯಾರೂ ಮತ್ತೆ ಕೇಳಲಿಲ್ಲ.

ನಾನು ಅತ್ತೆಯವರೊಡನೆ ಮಾತು ಬಿಟ್ಟೆ. ಅವರು ಇದನ್ನು ಗಮನಿಸಲಿಲ್ಲ ಎಂಬುದು ಇನ್ನೂ ದೊಡ್ಡ ನೋವು. ಮುಂದಿನ ವಾರ ಒಂದು ಮಧ್ಯಾಹ್ನ ತರಕಾರಿ ತಂದು ಮನೆಯೊಳಗೆ ಕಾಲಿಟ್ಟರೆ, ನಮ್ಮ ಅಡುಗೆಮನೆಯ ನೆಲದ ಮೇಲೆ ಸಭೆಯಲ್ಲಿ ಪ್ರಶ್ನೆ ಕೇಳಿದ ಆ ಗೃಹಸ್ಥರ ಮಗಳು ಅತ್ತೆಯವರ ಪಕ್ಕ ಕೂತು ರೊಟ್ಟಿ ತಟ್ಟಲು ಕಲಿಯುತ್ತಿದ್ದಳು. ರೊಟ್ಟಿ ಹರಿದಿತ್ತು, ಕಣ್ಣು ಕೆಂಪಾಗಿತ್ತು, ಆದರೂ ನಗುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತು ಮರಾಠಿಯಲ್ಲಿ, “ಕಾಕಾ, ಅವತ್ತು ನಿಮ್ಮ ಪದ್ಮಾಸನ ನನ್ನ ಕಾಲೇಜು ಉಳಿಸಿತು” ಎಂದಳು. ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಬಸ್ಸಿನಲ್ಲಿದ್ದವಳು ಅವಳೇ. ಅಂದು ಅವಳಿಗೆ ಪರೀಕ್ಷೆಯಿತ್ತು. ಅಪ್ಪನಿಗೆ ಗೊತ್ತಾದರೆ ಓದು ಅಲ್ಲಿಗೇ ಮುಗಿಯಿತು ಎಂದು ನಡುಗುತ್ತ ನಿಂತವಳನ್ನು ಅತ್ತೆಯವರು ಹಿಂಬಾಗಿಲಿನಿಂದ ಇಳಿಸಿ, “ನೀ ಪರೀಕ್ಷಾ ಬರಿ ಹೋಗು, ಇಲ್ಲಿಂದು ನಾ ನೋಡ್ಕೋತೀನಿ” ಎಂದು ಕಳಿಸಿದ್ದರು. ಭಾಷೆ ತಿಳಿಯದಿದ್ದರೂ ಅವಳಿಗೆ ಮಾತು ತಿಳಿದಿತ್ತು. ದೂರನ್ನು ತಮ್ಮ ಹೆಸರಿನಲ್ಲೇ ಏಕೆ ಕೊಟ್ಟರು, ಬಸ್ಸಿನ ಕತೆಯನ್ನು ಏಕೆ ಎರಡೇ ಮಾತಿನಲ್ಲಿ ಮುಗಿಸುತ್ತಿದ್ದರು ಎಂಬುದೆಲ್ಲ ನನಗೆ ಆಗ ಹೊಳೆಯಿತು.

ಹುಡುಗಿ ಹೋದ ಮೇಲೆ ನಾನಾಗಿಯೇ ಮಾತು ತೆಗೆದೆ. “ಅತ್ತಿ, ನನಗರ ಹೇಳಬಾರದೇನ್ರಿ?”

“ನಿಮಗ ಹೇಳಿದ್ರ ನೀವು ಸುಧಾಗ ಹೇಳ್ತಿದ್ರಿ. ಸುಧಾ ಫೋನಿನ್ಯಾಗ ತಂಗಿಗೆ ಹೇಳ್ತಿದ್ಲು. ಆಮ್ಯಾಲೆ ಹೇಳಲಿಕ್ಕೆ ಯಾರು ಉಳೀತಿದ್ರು?”

“ಪೊಲೀಸರಿಗೆ ಸುಳ್ಳು ಹೇಳಿದ್ರೇನು ಮತ್ತ?”

“ಸುಳ್ಳು ಯಾಕ? ಅವ ನನ್ನ ನೂಕಿದ್ದು ಖರೇನ. ಮೊಣಕೈ ಬಾತದ್ದೂ ಖರೇನ. ನಂದು ನಾ ಹೇಳಿದೆ. ಮೊಣಕಾಲು ನಂದು, ಸಕ್ರಿ ಬ್ಯಾನಿ ನಂದು, ಯಾರ ಮುಂದ ಬೇಕಾದ್ರೂ ಹೇಳ್ತೀನಿ. ಆ ಹುಡುಗೀದು ಆ ಹುಡುಗೀದು. ಮಂದೀ ವಸ್ತು ಹಂಚಲಿಕ್ಕೆ ನಾ ಯಾರು?” ಎಂದು ರೊಟ್ಟಿ ಮಗುಚಿದರು. “ಮ್ಯಾಲೆ, ಮಂದಿಗೆ ಅಗೀಲಿಕ್ಕೆ ಏನರ ಕೊಡಬೇಕ್ರಿ ಅಳಿಯಂದ್ರ. ಕೊಡಲಿಲ್ಲಂದ್ರ ತಾವ ಹುಡುಕ್ಕೋತಾರ.”

“ಅದಕ್ಕ ನನ್ನ ಪದ್ಮಾಸನ ಕೊಟ್ರೇನು? ಅದು ಮಂದೀ ವಸ್ತು ಅಲ್ಲೇನ್ರಿ?”

ಅತ್ತೆಯವರು ನನ್ನನ್ನು ಅಚ್ಚರಿಯಿಂದ ನೋಡಿದರು. “ನೀವು ಮಂದಿ ಹೆಂಗಾಗ್ತೀರಿ? ನೀವು ನಮ್ಮವ್ರು.”

ಮದುವೆಯಾದಂದಿನಿಂದ ಆ ಮನೆತನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಪದವಿ ಇದು. ಅದಕ್ಕೆ ತೆತ್ತ ಬೆಲೆ ಹೆಚ್ಚಾಯಿತೆಂದು ಆಮೇಲೆ ನನಗೆ ಅನ್ನಿಸಲಿಲ್ಲ. ಹೊಟ್ಟೆಯೊಳಗೆ ಒಂದು ಮಾತು ನಿಲ್ಲುವುದಿಲ್ಲ ಎಂದು ನಾವೆಲ್ಲ ಆಡಿಕೊಂಡ ಹೆಂಗಸು, ನಿಲ್ಲಲೇಬೇಕಾದ ಒಂದು ಮಾತನ್ನು ಇಡೀ ಸೊಸೈಟಿಯ ಎದುರು, ಮೈಕು ಕೈಯಲ್ಲಿರುವಾಗ, ನಗುನಗುತ್ತ ನಿಲ್ಲಿಸಿಕೊಂಡಿದ್ದರು. ಅನ್ವಿಯ ಶಾಸ್ತ್ರದ ಮುಖವಾಡ ಮುಖವನ್ನು ಮುಚ್ಚುತ್ತದೆ. ಇವರು ಬರಿ ಮುಖದಲ್ಲಿ ನಿಂತು ಇನ್ನೊಬ್ಬರ ಮುಖವನ್ನು ಮುಚ್ಚಿದ್ದರು. ಇದನ್ನು ಮಗಳಿಗೆ ಹೇಳಿಬಿಡಬೇಕೆಂದು ನನ್ನ ನಾಲಿಗೆ ಎಷ್ಟು ಸಲ ತುರಿಸಿತೋ. ಸುಧಾಳ ಮುಂದಂತೂ ಊಟದ ಹೊತ್ತಿಗೆ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಕೂತಿರುತ್ತಿದ್ದೆ.

ಹುಡುಗಿ ಓದು ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ ತಾನೇ ಅಪ್ಪನಿಗೆ ಎಲ್ಲವನ್ನೂ ಹೇಳಿದಳಂತೆ. ಮರುದಿನ ಅವರು ನಮ್ಮ ಮನೆಗೆ ಬಂದರು. ಸೋಫಾದ ತುದಿಯಲ್ಲಿ ಕೂತು ನೀರಿನ ಟ್ಯಾಂಕರಿನ ವಿಷಯ ಮಾತಾಡಿದರು, ಪಾರ್ಕಿಂಗಿನ ವಿಷಯ ಮಾತಾಡಿದರು, ಚಹಾ ಆರುವ ತನಕ ಕಪ್ಪನ್ನೇ ನೋಡಿದರು. ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು, “ಆಜಿ ಯಾವಾಗ ಬರ್ತಾರೆ?” ಎಂದಷ್ಟೇ ಕೇಳಿದರು. ದೀಪಾವಳಿಗೆ ಎಂದೆ. “ಸ್ಟೇಶನ್ನಿಗೆ ನಾನೇ ಗಾಡಿ ತಗೊಂಡು ಹೋಗ್ತೀನಿ” ಎಂದರು.

ಇನ್ನು ಬರೆಯಲು ಅಡ್ಡಿಯಿಲ್ಲವೆಂದು ಹುಡುಗಿಯನ್ನೂ ಕೇಳಿ, ಈ ಪ್ರಬಂಧ ಬರೆದು, ಬಾಗಲಕೋಟೆಯಲ್ಲಿ ಮಗನ ಮನೆಯಲ್ಲಿದ್ದ ಅತ್ತೆಯವರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಮಧ್ಯೆ ಮಧ್ಯೆ ತಡೆದರು. “ಕಾಲೇಜಿನ ಹೆಸರು ತಗೀರಿ. ಯಾವ ಮಹಡಿ ಅನ್ನೋದು ತಗೀರಿ. ಆಕಿ ಹೆಂಗ ಕಾಣ್ತಾಳ ಅಂತ ಅಷ್ಟುದ್ದ ಯಾಕ ಬರದೀರಿ, ತಗೀರಿ. ಅಪ್ಪಗ ಹೇಳ್ಯಾಳ, ಊರಿಗೆ ಹೇಳಿಲ್ಲ.” ನಾನು ಒಂದೊಂದಾಗಿ ಹೊಡೆದುಹಾಕುತ್ತ ಹೋದೆ. ಕಷ್ಟಪಟ್ಟು ಬರೆದ ಒಂದೂವರೆ ಪುಟ ಖಾಲಿಯಾಯಿತು.

“ಇಷ್ಟೆಲ್ಲಾ ತಗದ್ರ ಅಲ್ಲಿ ಏನು ಹಾಕ್ಲಿ ಅತ್ತಿ?” ಎಂದು ಗೋಗರೆದೆ.

“ನಿಮ್ಮದೇನರ ಹಾಕ್ರಿ,” ಎಂದರು, “ನಿಮ್ಮ ಹತ್ರ ಏನು ಕಡಿಮಿ ಅದ?”

ಆದ್ದರಿಂದ, ಓದುಗರೇ, ಆ ಖಾಲಿ ಜಾಗಕ್ಕೆ ಇದನ್ನು ಹಾಕುತ್ತಿದ್ದೇನೆ: ಆಫೀಸಿನಲ್ಲಿ ಎಲ್ಲರೂ ಹೊಗಳುವ ನನ್ನ ಮೀಸೆಯ ಕಪ್ಪು ಹುಟ್ಟಿನಿಂದ ಬಂದದ್ದಲ್ಲ. ಅದನ್ನು ಸುಧಾ ಹಚ್ಚುತ್ತಾಳೆ, ಮಗಳ ಚಿತ್ರಕಲೆಯ ಬ್ರಶ್ಶಿನಿಂದ.